ಗುಡ್ಡದ ನೆತ್ತಿ ಮತ್ತು ಗಣಿತದ ಗರಿಷ್ಠ

ನಿಮ್ಮಲ್ಲಿ ಅನೇಕರು ದೇವರಗುಡ್ಡ ಹತ್ತಿದ್ದೀರಿ. ಏರುವಾಗ ಎತ್ತರ ಹೆಚ್ಚುತ್ತದೆ, ಇಳಿಯುವಾಗ ಕಡಿಮೆಯಾಗುತ್ತದೆ. ನೆತ್ತಿಯಲ್ಲಿ ಆ ಬದಲಾವಣೆಯ ದರ ಸೊನ್ನೆ. ಪಿಯುಸಿಯಲ್ಲಿ ನೀವು ಹೆದರುವ ಅವಕಲನದಿಂದ ಗರಿಷ್ಠ ಬೆಲೆ ಕಂಡುಹಿಡಿಯುವ ಲೆಕ್ಕದ ತಿರುಳು ಇಷ್ಟೇ.

ಇದು ಹೊರಗಿನವರ ವಿದ್ಯೆ, ನಮಗೆ ಒಲಿಯದು ಎಂದು ಭಾವಿಸಬೇಡಿ. 1150ರಲ್ಲಿ ಭಾಸ್ಕರಾಚಾರ್ಯರು ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗಳ ಆಯಾ ಕ್ಷಣದ ವೇಗವನ್ನು ‘ತಾತ್ಕಾಲಿಕ ಗತಿ’ ಎಂದು ಕರೆದು ಲೆಕ್ಕ ಹಾಕಿದರು. ಅದೇ ಶತಮಾನದವರು ಇರಾನಿನ ಶರಫುದ್ದೀನ್ ಅಲ್-ತೂಸಿ. ಘನ ಸಮೀಕರಣಗಳನ್ನು ಬಿಡಿಸುವಾಗ ಅವರು ಕಂಡ ಸಂಗತಿ ಇದು: ಒಂದು ಸಂಖ್ಯೆಯನ್ನು ಎರಡು ಭಾಗ ಮಾಡಿ, ಮೊದಲನೆಯದರ ವರ್ಗವನ್ನು ಎರಡನೆಯದರಿಂದ ಗುಣಿಸಿರಿ, ಮೊದಲ ಭಾಗವು ಇಡೀ ಸಂಖ್ಯೆಯ ಮೂರರಲ್ಲಿ ಎರಡು ಪಾಲಿದ್ದಾಗ ಗುಣಲಬ್ಧ ಗರಿಷ್ಠ. 12ನ್ನು 8 ಮತ್ತು 4 ಮಾಡಿದರೆ 256. 7 ಮತ್ತು 5 ಮಾಡಿದರೆ 245. 9 ಮತ್ತು 3 ಮಾಡಿದರೆ 243.

ಆದರೆ ಎಲ್ಲವೂ ನಮ್ಮದೇ ಎಂಬ ಜಂಬವೂ ಸಲ್ಲದು. ತೂಸಿ ಈ ಉತ್ತರಕ್ಕೆ ಬಂದ ದಾರಿಯ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಕಲನಶಾಸ್ತ್ರವನ್ನು ವ್ಯವಸ್ಥಿತವಾಗಿ ಕಟ್ಟಿದವರು 17ನೇ ಶತಮಾನದ ನ್ಯೂಟನ್ ಮತ್ತು ಲೈಬ್ನಿಟ್ಸ್. ಇಲ್ಮ್ ಯಾರೊಬ್ಬರ ಸ್ವತ್ತೂ ಅಲ್ಲ, ಅದು ದುಡಿದವರ ಪಾಲು. ಇಂದೇ 12ರ ಬದಲು 30 ತೆಗೆದುಕೊಂಡು ನೀವೇ ಲೆಕ್ಕ ಮಾಡಿ ನೋಡಿರಿ.