ತಲೆಗೆ ಹಾಕೋ ಪುಡಿಯ ಕತೆ: ಸೀಗೆಯಿಂದ ಡ್ರೈ ಶಾಂಪೂತನಕ

ನಮ್ಮ ಹೆಡತಲೆ ಕಡೆ ‘ನೀರಿಲ್ದೆ ತಲೆ ಶುದ್ಧ ಮಾಡ್ಕೋಬೋದು’ ಅಂದ್ರೆ ಹಳೇ ತಲೆಗೋಳು ನಗ್ತವೆ. ಆದ್ರೆ ಬೆಳಗಿನ ಬಸ್ಸಲ್ಲಿ ಮೈಸೂರಿಗೋ ನಂಜನಗೂಡಿನ ಫ್ಯಾಕ್ಟರಿಗಳಿಗೋ ಹೋಗೋ ಹೆಣ್ಮಕ್ಕಳ ಬ್ಯಾಗಲ್ಲಿ ಈಗ ಡ್ರೈ ಶಾಂಪೂ ಡಬ್ಬ ಅದೆ. ಸೋಂಬೇರಿತನ ಅಂತ ಬಯ್ಯೋಕೆ ಮುಂಚೆ, ಈ ಪುಡಿ ಎಲ್ಲಿಂದ ಬಂತು, ನಮಗೆ ಇಷ್ಟು ದಿನ ಯಾಕೆ ಬೇಕಾಗ್ಲಿಲ್ಲ ಅಂತ ವಸಿ ನೋಡಣ.

ನಮ್ಮದು ಎಣ್ಣೆ ತಲೆ. ಹರಳೆಣ್ಣೆಯೋ ಕೊಬ್ರಿ ಎಣ್ಣೆಯೋ ಇಳಿಯಂಗೆ ಹಚ್ಚಿ, ವಾರಕ್ಕೊಂದು ಸಲ ಸೀಗೆಪುಡಿ, ಚಿಗರೆಪುಡಿ ಹಾಕಿ ಉಜ್ಜೋದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಲ್ಲಿ ಆರಿಸ್ತಿದ್ದ ಸೀಗೆ, ಅಂಟುವಾಳ ಎರಡರಲ್ಲೂ ಸ್ಯಾಪೊನಿನ್ ಅನ್ನೋ ನೊರೆ ಪದಾರ್ಥ ಅದೆ. ನೀರು ಸೇರಿದ್ರೆ ಮಾತ್ರ ಅದು ಜಿಡ್ಡು ಬಿಡಿಸ್ತದೆ. ಅದಕ್ಕೆ ನೀರು ಸೇದಬೇಕು, ಹಂಡೆಗೆ ಸೌದೆ ಒಟ್ಟಬೇಕು, ಕಾಯಿ ಒಣಗಿಸಿ ಕುಟ್ಟಬೇಕು, ಆಮೇಲೆ ಬುಟ್ಟಿ ಕವುಚಿ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಕೊಡಬೇಕು. ಗಂಡಸರಿಗೆ ಅದು ಸ್ನಾನ, ಹೆಂಗಸರಿಗೆ ಅರ್ಧ ದಿನದ ಗೇಮೆ.

ಇದರ ಕಷ್ಟ ಗೊತ್ತಾಗ್ತಿದ್ದುದು ಕಾಯಿಲೆ ಬಿದ್ದಾಗ. ನಮ್ಮ ದೊಡ್ಡವ್ವ ಟೈಫಾಯ್ಡ್ ಬಂದು ಮೂರು ವಾರ ಮಲಗಿದ್ರು. ತಲೆಗೆ ನೀರು ಸೋಕಿಸೋ ಹಂಗಿಲ್ಲ ಅಂತ ಹಿರೀಕರ ಕಟ್ಟು. ಎಣ್ಣೆ, ಬೆವರು ಸೇರಿ ಜಡೆ ಗಂಟುಗಂಟಾಯ್ತು. ಕೊನೆಗೆ ಕತ್ತರಿ ಹಾಕಿದ್ರು. ನಂಜುಂಡೇಶ್ವರನಿಗೆ ಮುಡಿ ಕೊಟ್ಟಿದ್ರೆ ಕಪಿಲೇಲಿ ಮುಳುಗಿ ನಗ್ತಾ ಎದ್ದು ಬತ್ತಿದ್ರು. ಹಟ್ಟೀಲಿ ಕತ್ತರಿಸಿದ್ದಕ್ಕೆ ವರ್ಷಾನುಗಟ್ಟಲೆ ತಲೆ ಮೇಲಿನ ಸೆರಗು ಇಳಿಸ್ಲಿಲ್ಲ. ಒಣಪುಡಿ ನಮ್ಮಲ್ಲೂ ಇತ್ತು: ಬಾಣಂತಿ, ಕೂಸಿನ ನೆತ್ತಿಗೆ ಬಜೆ ಪುಡಿ ಉಜ್ಜೋರು. ಅದು ಶೀತಕ್ಕೆ ಕನ, ಜಿಡ್ಡಿಗಲ್ಲ.

ಜಿಡ್ಡು ಹೀರೋ ಪುಡಿ ಯೂರೋಪಿನ ಹಿಟ್ಟಿನ ಕತೆ. ಅಲ್ಲಿನ ಶ್ರೀಮಂತರು ವಿಗ್ಗಿಗೂ ಕೂದ್ಲಿಗೂ ಗೋಧಿ ಪಿಷ್ಟದ ಬಿಳಿ ಪುಡಿ ಉದುರಿಸ್ಕೊಳ್ಳೋರು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳ್ತಿದ್ದಾಗಲೇ, 1795ರಲ್ಲಿ, ಇಂಗ್ಲೆಂಡಿನ ಪ್ರಧಾನಿ ಪಿಟ್ ಆ ಪುಡಿ ಹಾಕೋರಿಗೆ ವರ್ಷಕ್ಕೆ ಒಂದು ಗಿನಿ ತೆರಿಗೆ ಹಾಕಿದ. ಆಗ ಗೋಧಿಗೂ ಬರ. ಪುಡಿ ಚಾಳಿ ಇಳೀತು. 1940ರ ದಶಕದಲ್ಲಿ ಅಮೆರಿಕದಲ್ಲಿ ‘ಮಿನಿಪೂ’ ಅನ್ನೋ ಹೆಸರಲ್ಲಿ ಒಣ ಶಾಂಪೂ ಪುಡಿ ಮಾರಾಟಕ್ಕೆ ಬಂತು. ‘ಶಾಂಪೂ’ ಅನ್ನೋ ಮಾತು ಮಾತ್ರ ನಮ್ಮ ದೇಶದ್ದೇ. ಹಿಂದಿಯ ‘ಚಾಂಪೋ’, ಅಂದ್ರೆ ಒತ್ತು, ನೀವು. ಪಾಟ್ನಾದ ಶೇಖ್ ದೀನ್ ಮಹಮದ್ ಬ್ರೈಟನ್ ಊರಲ್ಲಿ ಸ್ನಾನದ ಮನೆ ಇಟ್ಟು ಅಲ್ಲಿನ ದೊರೆಗೇ ಶಾಂಪೂ ಮಾಡ್ದ. ಅದು ತಲೆ ತೊಳೆಯೋದಲ್ಲ, ಮೈ ನೀವೋದು.

ನಮ್ಮಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಆಯ್ತು. ಮೈಸೂರ್ ಸ್ಯಾಂಡಲ್ ಸೋಪನ್ನ ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಸೋಸಲೆ ನಮ್ಮ ತಿ. ನರಸೀಪುರ ತಾಲ್ಲೂಕಿಂದು, ಗರಳಪುರಿ ಅಂದ್ರೆ ನಂಜನಗೂಡೇ. ಆದ್ರೂ ಹಳ್ಳೀಲಿ ಮೈಗೆ ಸೋಪು, ತಲೆಗೆ ಸೀಗೆ ಅನ್ನೋದು ಬಾಳ ದಿನ ನಡೀತು. ಅದನ್ನ ಮುರಿದದ್ದು ಅಂಗಡೀಲಿ ತೋರಣದಂಗೆ ನೇತಾಡೋ ಚಿಲ್ರೆ ಕಾಸಿನ ಶಾಂಪೂ ಪೊಟ್ಟಣ. ಎಣ್ಣೆ ಕಮ್ಮಿ ಆದ ಮೇಲೇನೇ ಒಣಪುಡಿಗೆ ಜಾಗ ಸಿಕ್ಕಿದ್ದು.

ಆರಿಸೋಕೂ ಅದೇ ಲೆಕ್ಕ. ಈ ಪುಡಿ ತೊಳೆಯಲ್ಲ, ಬುಡದ ಜಿಡ್ಡು ಹೀರ್ತದೆ, ಅಷ್ಟೇ. ಎಣ್ಣೆ ಹಚ್ಚಿದ ತಲೆಗೆ ಹಾಕಿದ್ರೆ ಕಲಸಿದ ಹಿಟ್ಟಾಯ್ತದೆ. ಒದ್ದೆ ಕೂದ್ಲಿಗೂ ಬೇಡ. ತೆಳ್ಳಗಿನ, ಬೇಗ ಜಿಡ್ಡಾಗೋ ಕೂದ್ಲಿಗೆ ಹಗುರ ಪುಡಿ ವೈನಾಗಿ ಒಪ್ತದೆ. ದಟ್ಟ ಕೂದ್ಲಾದ್ರೆ ಬೈತಲೆ ತೆಗೆದು ಸಾಲುಸಾಲಾಗಿ ಹಾಕಬೇಕು. ಗುಂಗುರು ಕೂದ್ಲು ಮೊದ್ಲೇ ಒಣಕಲು, ಬುಡಕ್ಕೆ ಮಾತ್ರ ವಸಿ ಹಾಕಿ ಬೆರಳಲ್ಲಿ ಬಿಡಿಸಿ, ಬಾಚಬೇಡಿ. ನಮ್ಮ ಕಪ್ಪು ಕೂದ್ಲಿಗೆ ಬಿಳಿ ಕಾಣ್ದಂಥ, ಬಣ್ಣ ಬೆರೆಸಿದ್ದು ವಾಸಿ. ಹೊಟ್ಟು, ಕಜ್ಜಿ ಇದ್ದೋರು ಮುಟ್ಟಬೇಡಿ. ಸ್ಪ್ರೇ ಆದ್ರೆ ಒಂದು ಗೇಣು ದೂರ ಹಿಡಿದು, ಎರಡು ನಿಮಿಷ ಬಿಟ್ಟು ಉಜ್ಜಿ ಕೊಡವಿ. ಡಬ್ಬದೊಳಗೆ ಉರಿಯೋ ಅನಿಲ ಇರ್ತದೆ, ಒಲೆ ತಾವ ಬೇಡ. 2022ರಲ್ಲಿ ಬೆಂಜೀನ್ ಇರಬೋದು ಅಂತ ಯೂನಿಲಿವರ್ ಕಂಪನಿ ಅಮೆರಿಕದಲ್ಲಿ ಕೆಲವು ಸ್ಪ್ರೇ ಡಬ್ಬ ವಾಪಸ್ ತರಿಸ್ಕಂಡಿತ್ತು. ಸ್ಪ್ರೇ ಬೇಡ ಅನ್ನೋರಿಗೆ ಕೂವೆ ಹಿಟ್ಟೂ ಆಯ್ತದೆ.

ಎರಡು ದಿನ ತಳ್ಳೋಕೆ ಪುಡಿ ಸಾಕು, ಮೂರನೇ ದಿನ ನೀರೇ ಬೇಕು. ಜ್ವರ ಬಂದು ಮಲಗಿದೋರು, ಆಪರೇಷನ್ ಆದೋರು ಇರೋ ಹಟ್ಟೀಲಿ ಡಾಕ್ಟ್ರನ್ನ ಒಂದು ಮಾತು ಕೇಳಿ ಒಂದು ಡಬ್ಬ ಮಡಗಿ. ಜಡೆಗೆ ಕತ್ತರಿ ಬೀಳೋದು ತಪ್ತದೆ.