ಹೊನ್ನಬಿಲ್ಲ ತಿರುಗಿ ಬರಲಿಲ್ಲ

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮ್ಮ ಹುಡುಗರು ಕತೆ ಬರೆದುಕೊಂಡು ಬಂದಾಗ ನಾನು ಕೇಳುವುದುಂಟು: ಸಖರಾಯಪಟ್ಟಣದ ಹೊನ್ನಬಿಲ್ಲನ ಕಲ್ಲು ನೋಡಿದ್ದೀರೇನ್ರಪ್ಪ?

ಹೊನ್ನಬಿಲ್ಲ ತೋಟಿ. ಕಡೂರು ತಾಲೂಕಿನ ಅಯ್ಯನಕೆರೆಯ ದೇವತೆ, ಏರಿ ಒಡೆದುಕೊಂಡು ಹೋಗುತ್ತೇನೆ ಎಂದದ್ದು ಅವನ ಕಿವಿಗೆ ಬಿತ್ತಂತೆ. 'ಅರಸರಿಗೆ ತಿಳಿಸಿ ಬತ್ತೀನಿ, ಅಲ್ಲೀಗಂಟ ತಡ್ಕಳವ್ವ' ಎಂದು ಬೇಡಿಕೊಂಡು ಓಡಿದ. ಅರಸ ಲೆಕ್ಕ ಹಾಕಿದ: ಇವನು ತಿರುಗಿ ಹೋಗದಿದ್ದರೆ ದೇವತೆ ಕಾಯುತ್ತಲೇ ಇರಬೇಕು. ಅಲ್ಲೇ ಕೊಲ್ಲಿಸಿದ. ಕೆರೆ ಉಳಿಯಿತು.

1908ರ ಇಂಪೀರಿಯಲ್ ಗೆಜೆಟಿಯರ್ ಇದನ್ನು ಆತ್ಮತ್ಯಾಗವೆಂದು ದಾಖಲಿಸಿತು. ಜನ ಹೇಳುವ ಕತೆಯಲ್ಲಿ ಕೊಲೆ. ದಾಖಲೆಗೆ ಬರುವಷ್ಟರಲ್ಲಿ ತ್ಯಾಗ. ಯಾರು ಯಾರಿಗಾಗಿ ಏನನ್ನು ತ್ಯಜಿಸಿದರು ಎಂದು ಕೇಳುವವರಿಲ್ಲ.

ತೋಟಿ ಎಂದರೆ ಊರಿನ ಸುದ್ದಿ ಒಯ್ಯುವವನು, ಕರೆದಲ್ಲಿಗೆ ಓಡುವವನು, ಬಹುಪಾಲು ಅಸ್ಪೃಶ್ಯ ಜಾತಿಯವನು. ಓಡುವುದು ಅವನ ಆಯ್ಕೆಯಲ್ಲ, ಹುಟ್ಟಿನಿಂದ ಬಂದ ಬಿಟ್ಟಿ. ಇಂಥದೇ ಮಹಾರ್ ವತನದ ವಿರುದ್ಧ ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಹೊನ್ನಬಿಲ್ಲನ ಓಟಕ್ಕೆ ಈ ಚರಿತ್ರೆಯಿದೆ. ಇದನ್ನು ಬಿಟ್ಟು ಬರೆದರೆ ಅವನು ಬರೀ ಸ್ವಾಮಿನಿಷ್ಠ ಆಳಾಗುತ್ತಾನೆ.

'ಕೆರೆಗೆ ಹಾರ'ದ ಭಾಗೀರಥಿಯನ್ನೂ ಬಲಿ ಕೊಟ್ಟರು. ಆದರೆ ಅವಳನ್ನು ಹುಡುಕಿಕೊಂಡು ದಂಡಿನಿಂದ ಗಂಡ ಮಾದೇವರಾಯ ಬರುತ್ತಾನೆ, ಅತ್ತು ಅದೇ ಕೆರೆಗೆ ಹಾರುತ್ತಾನೆ. ಗೌಡರ ಮನೆಯ ಸೊಸೆಗೆ ಅಳುವವರಿದ್ದಾರೆ, ಹಾಡೂ ಇದೆ. ತೋಟಿಗೆ ಇರುವುದು ಒಂದು ಕಲ್ಲು.

ನಾನೂ ಹಿಂದೊಮ್ಮೆ ಇದನ್ನು ಕತೆ ಮಾಡಹೊರಟೆ. ಹೊನ್ನಬಿಲ್ಲನನ್ನು ಹುತಾತ್ಮನನ್ನಾಗಿಸಿ, ತುಂಬಿದ ಕೆರೆಯ ವರ್ಣನೆಯೊಂದಿಗೆ ಮುಗಿಸಿದ್ದೆ. ಕೇರಿಯಲ್ಲಿ ಓದಿ ಹೇಳಿದಾಗ ಒಬ್ಬ ಮುದುಕಿ ಕೇಳಿದಳು: 'ಅದ್ಸರಿ ಮಗ, ಅವತ್ತು ರಾತ್ರಿ ಅವನ ಹೆಂಡ್ರು ಉಣ್ಣಾಕಿಕ್ಕಂಡು ಕಾಯ್ತಿರ್ನಿಲ್ವಾ?'

ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಬರೆದದ್ದು ಅರಸನ ಕತೆ; ಕೊಂದಲ್ಲಿಗೆ ಅವನ ಕೆಲಸ ಮುಗಿದಿತ್ತು, ನನ್ನದೂ ಮುಗಿದಿತ್ತು. ಸಿಕ್ಕ ಎಳೆಯನ್ನು ಉದ್ದ ಮಾಡಿದರೆ ಕತೆ ಪೂರ್ತಿಯಾಗುವುದಿಲ್ಲ. ಆ ಎಳೆಯನ್ನು ಯಾರು, ಎಲ್ಲಿ ಕತ್ತರಿಸಿದರು ಎಂದು ನೋಡಬೇಕು. ದೇವತೆ ಕಾಯುತ್ತಿರುವುದು ಎಲ್ಲರಿಗೂ ಗೊತ್ತು. ಕೇರಿಯಲ್ಲಿ ಕಾದವಳ ಹೆಸರು ಯಾರಿಗೂ ಗೊತ್ತಿಲ್ಲ.

ಬರೆಯುವ ಹುಡುಗರು ಅವಳಿಂದ ಶುರುಮಾಡಲಿ. ಏರಿ ಒಡೆದೀತೆಂಬ ಹೆದರಿಕೆ ನಮಗೆ ಬೇಡ. ಅದು ಅರಸನ ಹೆದರಿಕೆ.