ಒತ್ತಡಕ್ಕೆ ಕಡಿವಾಣ ಹಾಕುವ ಗ್ರಾಹಕಗಳು

1936ರಲ್ಲಿ ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ ‘ನೇಚರ್’ ಪತ್ರಿಕೆಯಲ್ಲಿ ಪುಟ್ಟ ಟಿಪ್ಪಣಿಯೊಂದನ್ನು ಪ್ರಕಟಿಸಿದರು. ಚಳಿ, ಗಾಯ, ವಿಷ, ಅತಿಯಾದ ದಣಿವು ಹೀಗೆ ಯಾವ ಬಾಧೆ ಕೊಟ್ಟರೂ ಇಲಿಗಳ ದೇಹದಲ್ಲಿ ಕಂಡ ಲಕ್ಷಣಗಳು ಒಂದೇ: ಅಡ್ರಿನಲ್ ಗ್ರಂಥಿ ಊದಿತ್ತು, ಥೈಮಸ್ ಕುಗ್ಗಿತ್ತು, ಜಠರದಲ್ಲಿ ಹುಣ್ಣಾಗಿತ್ತು. ಮುಂದಿನ ಮೂರು ದಶಕ ಒತ್ತಡದ ಅಧ್ಯಯನವೆಂದರೆ ಬಹುಮಟ್ಟಿಗೆ ಗ್ರಂಥಿಗಳ ಅಧ್ಯಯನ. ಎಷ್ಟು ಹಾರ್ಮೋನು ಸುರಿಯಿತು ಎಂಬುದರ ಮೇಲೇ ಕಣ್ಣು. ಸುರಿದ ಹಾರ್ಮೋನನ್ನು ಮಿದುಳಿನ ಯಾವ ಭಾಗ ಬರಮಾಡಿಕೊಳ್ಳುತ್ತದೆ ಎಂಬ ಪ್ರಶ್ನೆ ಎದ್ದದ್ದು ತಡವಾಗಿ. ಈ ಕ್ಷೇತ್ರ ನಿಜಕ್ಕೂ ತಿರುಗಿದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ.

1968ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಯೂವನ್ ಮತ್ತು ಸಂಗಡಿಗರು ಅಡ್ರಿನಲ್ ತೆಗೆದ ಇಲಿಗಳಿಗೆ ಆ ಗ್ರಂಥಿಯದೇ ಹಾರ್ಮೋನಾದ ಕಾರ್ಟಿಕೊಸ್ಟೆರಾನನ್ನು ವಿಕಿರಣದ ಗುರುತು ಹಚ್ಚಿ ಚುಚ್ಚಿದರು. ಅದು ಹೆಚ್ಚಾಗಿ ನೆಲೆನಿಂತದ್ದು ಹಾರ್ಮೋನುಗಳ ಯಜಮಾನನಾದ ಹೈಪೋಥಲಾಮಸ್‌ನಲ್ಲಲ್ಲ, ನೆನಪಿನ ತಾಣವಾದ ಹಿಪೊಕ್ಯಾಂಪಸ್‌ನಲ್ಲಿ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಗ್ರಂಥಿಯೊಂದು ನೆನಪು, ಕಲಿಕೆಗಳ ಜೊತೆ ನೇರವಾಗಿ ಮಾತಾಡುತ್ತಿದೆ ಎಂದಾಯಿತು.

ಅಡ್ರಿನಲ್ ಹಾರ್ಮೋನನ್ನು ಹೊಮ್ಮಿಸುವ ಸರಣಿಗೆ ಚಾಲನೆ ಕೊಡುವ ಸಿಆರ್‌ಎಫ್ ಎಂಬ 41 ಅಮೈನೊ ಆಮ್ಲಗಳ ಅಣುವನ್ನು 1981ರಲ್ಲಿ ವೈಲೀ ವೇಲ್ ತಂಡ ಗುರುತಿಸಿತು. ಅದಕ್ಕೆ ಸುಮಾರು 5 ಲಕ್ಷ ಕುರಿಗಳ ಹೈಪೋಥಲಾಮಸ್ ಬೇಕಾಯಿತು. ಹೈಪೋಥಲಾಮಸ್‌ನ ಸಿಆರ್‌ಎಫ್ ಪಿಟ್ಯುಟರಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿ ಅಡ್ರಿನಲ್ಲನ್ನು. ಆಗ ಹೊಮ್ಮುವ ಕಾರ್ಟಿಸಾಲ್ (ಇಲಿಗಳಲ್ಲಿ ಕಾರ್ಟಿಕೊಸ್ಟೆರಾನ್) ಮಿದುಳಿಗೆ ಮರಳಿ ಬಂದು ತನ್ನನ್ನು ಹೊರಡಿಸಿದ ಸರಣಿಯನ್ನೇ ತಡೆಯುತ್ತದೆ.

ಹಾಗೆ ತಡೆಯುವುದು ಹಾರ್ಮೋನನ್ನು ಹಿಡಿದುಕೊಳ್ಳುವ ಯಾವ ಗ್ರಾಹಕ? 1985ರಲ್ಲಿ ನೆದರ್ಲೆಂಡ್ಸಿನ ಹಾನ್ಸ್ ರೂಲ್ ಮತ್ತು ರಾನ್ ಡಿ ಕ್ಲೂಟ್ ಎರಡು ಬಗೆಯ ಗ್ರಾಹಕಗಳನ್ನು ಬೇರ್ಪಡಿಸಿ ತೋರಿಸಿದರು. ಮಿನರಲೊಕಾರ್ಟಿಕಾಯ್ಡ್ ಗ್ರಾಹಕ ಹಾರ್ಮೋನನ್ನು ಸುಮಾರು 10 ಪಟ್ಟು ಗಟ್ಟಿಯಾಗಿ ಹಿಡಿಯುತ್ತದೆ. ದೇಹ ನೆಮ್ಮದಿಯಾಗಿದ್ದಾಗಲೂ ಅದು ಬಹುಪಾಲು ತುಂಬಿರುತ್ತದೆ. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ ತುಂಬಬೇಕಾದರೆ ಹಾರ್ಮೋನು ಉಕ್ಕಬೇಕು, ಅಂದರೆ ಒತ್ತಡ ಬರಬೇಕು, ಇಲ್ಲವೇ ದಿನಚರಿಯ ಏರುಹೊತ್ತಾಗಿರಬೇಕು. ಮೊದಲನೆಯದು ಎಚ್ಚರದ ಹೊಸ್ತಿಲನ್ನು ಕಾಯುತ್ತದೆ, ಎರಡನೆಯದು ಎದ್ದ ಅಲೆಯನ್ನು ಇಳಿಸುತ್ತದೆ. ಇವು ಜೀನುಗಳ ಮೂಲಕವೇ, ನಿಧಾನವಾಗಿ ಕೆಲಸ ಮಾಡುತ್ತವೆ ಎಂಬ ನಂಬಿಕೆಯೂ 2005ರಲ್ಲಿ ಸಡಿಲವಾಯಿತು: ಮಿನರಲೊಕಾರ್ಟಿಕಾಯ್ಡ್ ಗ್ರಾಹಕದಿಂದಲೇ ಕೆಲವೇ ನಿಮಿಷಗಳಲ್ಲಿ ನರಕೋಶಗಳು ಚುರುಕಾಗುವುದನ್ನು ಮರಿಯನ್ ಯೋಲ್ಸ್ ತಂಡ ತೋರಿಸಿತು.

ಈ ಕಥೆಯ ಮುಖ್ಯ ಅಧ್ಯಾಯವೊಂದು ಬೆಂಗಳೂರಿನದು. 2002ರಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳನ್ನು 10 ದಿನ, ದಿನಕ್ಕೆ 2 ಗಂಟೆ ಅಲುಗಾಡದಂತೆ ಇರಿಸಿತು. ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದವು. ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಬೆಳೆದವು. ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟರೂ ಅಮಿಗ್ಡಲಾದ ಬೆಳವಣಿಗೆ ಹಿಂದೆ ಸರಿಯಲಿಲ್ಲ. ಒತ್ತಡ ಮುಗಿದ ಮೇಲೂ ಆತಂಕ ಉಳಿಯುವ ಎಷ್ಟೋ ಜನರ ಪಾಡಿಗೆ ಇಲ್ಲೊಂದು ಜೈವಿಕ ಸುಳಿವಿದೆ. 2012ರಲ್ಲಿ ಇದೇ ತಂಡ, ಮೆಕ್‌ಯೂವನ್ ಜೊತೆಗೂಡಿ, ಇನ್ನೂ ಅಚ್ಚರಿಯದನ್ನು ಕಂಡಿತು: ತೀವ್ರ ಒತ್ತಡಕ್ಕೆ ಮೊದಲೇ ಕಾರ್ಟಿಕೊಸ್ಟೆರಾನ್ ಕೊಟ್ಟ ಇಲಿಗಳಲ್ಲಿ 10 ದಿನಗಳ ನಂತರ ಬರಬೇಕಿದ್ದ ಆತಂಕ ಬರಲಿಲ್ಲ. ಕಾರ್ಟಿಸಾಲನ್ನು ಶತ್ರುವೆಂದು ಜರೆಯುವ ಇಂದಿನ ಆರೋಗ್ಯ ಜಾಹೀರಾತುಗಳಲ್ಲಿ ಈ ಮಾತು ಸಿಗುವುದಿಲ್ಲ.

ಗ್ರಾಹಕಗಳ ಸಂಖ್ಯೆ ಹುಟ್ಟಿನಿಂದಲೇ ನಿಗದಿಯಾಗಿರುವುದಿಲ್ಲ. ತಾಯಿ ಹೆಚ್ಚು ನೆಕ್ಕಿ ಸಾಕಿದ ಇಲಿಮರಿಗಳ ಹಿಪೊಕ್ಯಾಂಪಸ್‌ನಲ್ಲಿ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಗಳು ಹೆಚ್ಚು, ಆ ಗ್ರಾಹಕದ ಜೀನಿನ ಮೇಲೆ ಕೂತು ಅದನ್ನು ಅಡಗಿಸುವ ಮೀಥೈಲ್ ಗುರುತುಗಳು ಕಡಿಮೆ ಎಂದು ಮೈಕೆಲ್ ಮೀನಿ ಮತ್ತು ಮೋಶೆ ಸಿಫ್ ತಂಡ 2004ರಲ್ಲಿ ವರದಿ ಮಾಡಿತು.

ಔಷಧದ ದಾರಿ ಮಾತ್ರ ಕಠಿಣವಾಗಿತ್ತು. ಸಿಆರ್‌ಎಫ್ ಗ್ರಾಹಕವನ್ನು ತಡೆದರೆ ಖಿನ್ನತೆ ವಾಸಿಯಾದೀತೆಂಬ ನಿರೀಕ್ಷೆ ಪ್ರಯೋಗಗಳಲ್ಲಿ ಕೈಗೂಡಲಿಲ್ಲ. ಆದರೆ ಅದೇ ಗ್ರಾಹಕವನ್ನು ತಡೆಯುವ ಕ್ರಿನೆಸರ್‌ಫಾಂಟ್ ಎಂಬ ಔಷಧ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಬೇರೊಂದು ಕಾಯಿಲೆಗೆ ಒಪ್ಪಿಗೆ ಪಡೆಯಿತು. ಆ ಜನ್ಮಜಾತ ಅಡ್ರಿನಲ್ ಕಾಯಿಲೆಯಲ್ಲಿ ಕಾರ್ಟಿಸಾಲ್ ಸರಿಯಾಗಿ ತಯಾರಾಗುವುದಿಲ್ಲ, ಹಾಗಾಗಿ ಪಿಟ್ಯುಟರಿಗೆ ತಡೆಯೂ ಇಲ್ಲ. ಅಡ್ರಿನಲ್ ಬೇಡದ ಹಾರ್ಮೋನುಗಳನ್ನು ಸುರಿಸುತ್ತಲೇ ಇರುತ್ತದೆ. ಈಗ ನಾಲ್ಕು ವರ್ಷದ ಮಕ್ಕಳಿಗೂ ಸ್ಟೆರಾಯ್ಡ್ ಜೊತೆಗೆ ಅದನ್ನು ಕೊಡಬಹುದು.